ಒಬ್ಬಳೇ ಹೋಗಿದ್ಯಲ್ಲ, ಭಯ ಆಗ್ಲಿಲ್ವಾ?

ಬ್ಯಾಂಕಾಕ್‌ನಿಂದ ಬಂದ ಮೇಲೆ ಈ ಪ್ರಶ್ನೆ ಕೇಳದವರಿಲ್ಲ. ಚಿಕ್ಕಮ್ಮ ಕೇಳಿದರು, ಆಫೀಸಿನವರು ಕೇಳಿದರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದರು. ಭಯವೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಆದರೆ ಅವರು ಅಂದುಕೊಂಡ ಕಡೆ ಅಲ್ಲ.

ಅವರ ಮನಸ್ಸಿನಲ್ಲಿರುವುದು ರಾತ್ರಿ, ಬೀದಿ, ಅಪರಿಚಿತ ಗಂಡಸರು. ನಾನಿದ್ದ ಹಳೇ ಪಟ್ಟಣದ ಬೀದಿಯಲ್ಲಿ ರಾತ್ರಿ ಹತ್ತಾದರೂ ಒಲೆಗಳು ಉರಿಯುತ್ತಿದ್ದವು. ಬಾಣಲೆ ಮುಂದೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಮಕ್ಕಳು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದರು. ಅಲ್ಲಿ ನಡೆಯುವಾಗ ಹಿಂತಿರುಗಿ ನೋಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಹುಷಾರಾಗಿರಬೇಕಾದ್ದು ಹಗಲಿನಲ್ಲಿ: ಅರಮನೆಯ ಹತ್ತಿರ ಒಬ್ಬರು ಬಂದು 'ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ತೋರಿಸ್ತೀನಿ, ಟುಕ್‌ಟುಕ್ ಹತ್ತಿ' ಅಂದರು. ಅದನ್ನು ನಂಬಬೇಡಿ. ನೇರ ಬಾಗಿಲಿಗೇ ಹೋಗಿ ನೋಡಿ.

ನನಗೆ ಭಯವಾದದ್ದು ಅಕ್ಷರಕ್ಕೆ. ವಿಮಾನ ನಿಲ್ದಾಣದಲ್ಲಿ, ಸ್ಕೈಟ್ರೇನ್‌ನಲ್ಲಿ ಇಂಗ್ಲಿಷ್ ಇದೆ, ತೊಂದರೆಯಿಲ್ಲ. ಅಲ್ಲಿಂದಿಳಿದು ಎರಡು ಗಲ್ಲಿ ಒಳಗೆ ಹೋದರೆ ಅಂಗಡಿ ಬೋರ್ಡು, ತಿಂಡಿ ಪಟ್ಟಿ ಎಲ್ಲವೂ ಥಾಯ್. ಪದಗಳ ನಡುವೆ ಜಾಗವನ್ನೂ ಬಿಡುವುದಿಲ್ಲ, ಸಾಲು ಪೂರ್ತಿ ಒಂದೇ ಹೆಣಿಗೆ. ಮೊಬೈಲಿನ ಮ್ಯಾಪು ದಾರಿ ತೋರಿಸುತ್ತದೆ, ಪಾತ್ರೆಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ಐದು ವರ್ಷದವಳಿದ್ದಾಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾ ಬಂದವಳು ನಾನು. ಮೊದಲ ಸಂಜೆ ಅಂಗಡಿಯಿಂದ ಅಂಗಡಿಗೆ ಸುತ್ತಿ, ಕೇಳಲು ಮಾತಿಲ್ಲದೆ, ಬಾಳೆಹಣ್ಣು ತಿಂದು ಮಲಗಿದೆ.

ಆ ರಾತ್ರಿ ನೆನಪಾದವಳು ನಮ್ಮ ಅಜ್ಜಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಹಾಸನದ ಕಡೆಯ ಹಳ್ಳಿಯಿಂದ ಮಗಳ ಮನೆಗೆ ಅಂತ ಒಬ್ಬಳೇ ಬೆಂಗಳೂರಿಗೆ ಬರುತ್ತಿದ್ದಳು. ಮೆಜೆಸ್ಟಿಕ್‌ನಲ್ಲಿ ಅವಳಿಗೆ ಬೋರ್ಡು ಬೇಕಿರಲಿಲ್ಲ. ಹೂವಿನವಳು ಕೂರುವ ಕಂಬ ಯಾವುದು, ಎಷ್ಟನೇ ಸ್ಟಾಪಿಗೆ ಆಲದ ಮರ ಬರುತ್ತದೆ ಎಲ್ಲ ಲೆಕ್ಕವಿಟ್ಟಿರುತ್ತಿದ್ದಳು. ಉಳಿದದ್ದಕ್ಕೆ ಬಾಯಿ. 'ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ' ಅನ್ನುತ್ತಿದ್ದಳು. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅನ್ನುವುದು ನನಗೆ ಗೊತ್ತಾದದ್ದು ಬ್ಯಾಂಕಾಕ್‌ನಲ್ಲಿ.

ಮರುದಿನದಿಂದ ನಾನೂ ಅಜ್ಜಿಯ ಹಾಗೆ ಓಡಾಡಿದೆ. ಚಾವೊ ಪ್ರಾಯಾ ನದಿಯ ದೋಣಿಗಳಿಗೆ ಬಾವುಟದ ಬಣ್ಣವೇ ಗುರುತು. ನೀಲಿ ಪ್ರವಾಸಿಗರದ್ದು, ಕಿತ್ತಳೆ ಊರ ಜನರದ್ದು. ನಾನು ಹೋದಾಗ ಕಿತ್ತಳೆ ಬಾವುಟದ ದೋಣಿಗೆ ಎಲ್ಲಿಂದ ಎಲ್ಲಿಗಾದರೂ 16 ಬಹ್ತ್. ಕಂಡಕ್ಟರಮ್ಮನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ, ಒಳಗೆ ಚಿಲ್ಲರೆ ಮತ್ತು ಟಿಕೆಟ್ ಸುರುಳಿ. ಅದರ ಮುಚ್ಚಳವನ್ನು ಟಕ ಟಕ ಬಡಿಯುತ್ತಾ ಬಂದರೆ ದುಡ್ಡು ತೆಗೆಯಬೇಕು ಅಂತ ಅರ್ಥ. ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತವನು ಸಿಳ್ಳೆಯಲ್ಲೇ ಚಾಲಕನಿಗೆ 'ಇನ್ನೂ ಹಿಂದೆ, ಸಾಕು, ಹೊರಡು' ಅನ್ನುತ್ತಾನೆ. ದೋಣಿ ಪೂರ್ತಿ ನಿಲ್ಲುವುದೂ ಇಲ್ಲ, ಜನ ಅಷ್ಟರಲ್ಲೇ ಹತ್ತಿ ಇಳಿದಿರುತ್ತಾರೆ. ಎರಡು ದಿನದಲ್ಲಿ ಆ ಸಿಳ್ಳೆಗಳ ವ್ಯತ್ಯಾಸ ನನ್ನ ಕಿವಿಗೂ ಹತ್ತಿತು. ಎದುರು ದಡದಲ್ಲಿ ಚೀನೀ ಪಿಂಗಾಣಿ ಚೂರುಗಳನ್ನು ಮೈತುಂಬ ಹೊದ್ದ ಅರುಣನ ದೇಗುಲ ಕಂಡರೆ ಇಳಿಯಲು ಏಳಬೇಕು. ಇದು ನನ್ನ ಆಲದ ಮರ.

ಒಂದು ಸಂಜೆ ಆರಕ್ಕೆ ಸ್ಕೈಟ್ರೇನ್ ನಿಲ್ದಾಣದಲ್ಲಿ ಎಲ್ಲರೂ ಇದ್ದಲ್ಲೇ ನಿಂತುಬಿಟ್ಟರು. ಎದೆ ಝಲ್ಲೆಂದಿತು. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಅವರ ರಾಷ್ಟ್ರಗೀತೆ. ಮುಗಿಯುತ್ತಿದ್ದಂತೆ ಮತ್ತೆ ಅದೇ ನೂಕುನುಗ್ಗಲು.

ಊಟದ ವಿಷಯ ಇಷ್ಟು ಸುಲಭವಿರಲಿಲ್ಲ. ಬರೀ ಸೊಪ್ಪು ಹುರಿದದ್ದು ಅಂದರೂ ಅದಕ್ಕೆ ಮೀನಿನ ರಸ ಬಿದ್ದಿರುತ್ತದೆ, ನಮ್ಮಲ್ಲಿ ಉಪ್ಪು ಬೀಳುವ ಹಾಗೆ. ಗೆಸ್ಟ್‌ಹೌಸಿನ ಅಮ್ಮ ಎರಡು ಮಾತು ಕಲಿಸಿದರು. ಒಂದು 'ಮಂಗ್ಸವಿರತ್'. ನಿಧಾನಕ್ಕೆ ಹೇಳಿಕೊಂಡು ನೋಡಿ, ಮಾಂಸ-ವಿರತಿ! ಇನ್ನೊಂದು 'ಜೇ'. ಇದು ಚೀನೀ ಮೂಲದವರ ವ್ರತದ ಊಟ, ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಯವರೂ ಒಪ್ಪುವಂಥದ್ದು. ಅಂಗಡಿ ಗೊತ್ತಾಗುವುದು ಹೇಗೆ ಅಂತ ಸನ್ನೆಯಲ್ಲಿ ಕೇಳಿದ್ದಕ್ಕೆ ಚೀಟಿಯ ಮೇಲೆ ಬರೆದು ತೋರಿಸಿದರು. ನನಗೆ ಅದು 17 ಎಂದೇ ಕಂಡಿತು. ಹಳದಿ ಬಾವುಟ, ಕೆಂಪು 17. ಸರಿ, ಹದಿನೇಳು ಹುಡುಕಿಕೊಂಡು ಹೊರಟೆ. ಮೂರನೇ ಗಲ್ಲಿಯಲ್ಲೇ ಸಿಕ್ಕಿತು: ತಳ್ಳುಗಾಡಿ, ಅನ್ನ, ಆರು ಪಾತ್ರೆ ಪಲ್ಯ, ಹುರಿದ ತೋಫು. ಬೆರಳು ತೋರಿಸಿದೆ, ಅಂಗಡಿಯಾಕೆ ಬಡಿಸಿದರು. ಅಂದಿನಿಂದ ದಿನವೂ ಅಲ್ಲೇ.

ಈಗ ಹೇಳುವುದು ಯಾರಿಗಾದರೂ ಸಣ್ಣದೆನಿಸಬಹುದು, ನನಗೆ ಇಡೀ ಪ್ರವಾಸ ಇದೇ. ಗೆಸ್ಟ್‌ಹೌಸಿನ ಅಡುಗೆಮನೆ ಗೋಡೆಯಲ್ಲಿ ಮೊಮ್ಮಗಳ ಅಕ್ಷರಮಾಲೆ ಚಾರ್ಟ್ ಇತ್ತು. ಮೊದಲ ಅಕ್ಷರಕ್ಕೆ ಕೋಳಿ, ಎರಡನೆಯದಕ್ಕೆ ಮೊಟ್ಟೆ, ಆಮೇಲೆ ಎಮ್ಮೆ, ಗಂಟೆ, ಹಾವು. ಮಗು ಬೆರಳಿಟ್ಟು ಓದತೊಡಗಿತು. ಕೋಳಿಗೆ ಕ. ಮೊಟ್ಟೆಗೆ ಖ. ನಮ್ಮ ಗ, ಘ ಇರಬೇಕಾದ ಜಾಗದಲ್ಲೂ ಅವರದು ಖ. ಹಾವಿಗೆ 'ಙೂ'. ನನ್ನ ಮೈ ಜುಮ್ಮೆಂದಿತು. ಇದು ಕವರ್ಗ! ಅವರ ಲಿಪಿ ಪಲ್ಲವ ಲಿಪಿಯಿಂದ ಕಾಂಬೋಡಿಯಾದ ಖಮೇರ್ ಲಿಪಿ ದಾಟಿ ಬಂದದ್ದು, ನಮ್ಮದು ಕದಂಬರಿಂದ. ಎರಡಕ್ಕೂ ಬ್ರಾಹ್ಮಿಯೇ ಬೇರು. ಹಾಗಾದರೆ ಹಾವಿನ ಮುಂದಿನದು ಚ ಇರಲೇಬೇಕು ಅಂತ ಮುಂದೆ ನೋಡಿದೆ. ತಟ್ಟೆಯ ಚಿತ್ರ, ಪಕ್ಕದಲ್ಲಿ ಥೇಟ್ ನನ್ನ 7. ಅದರ ಹಿಂದಿನ 1 ಏನೆಂದು ಮಗುವೇ ಹೇಳಿಕೊಟ್ಟಿತು: ಏತ್ವ. ಅವರು ಏತ್ವವನ್ನು ವ್ಯಂಜನದ ಮೊದಲೇ ಬರೆಯುತ್ತಾರೆ.

ಅವತ್ತು ಮಧ್ಯಾಹ್ನ ತಳ್ಳುಗಾಡಿಯ ಮುಂದೆ ನಿಂತು ಬಾವುಟದ ಮೇಲೆ ಬೆರಳಿಟ್ಟು ಓದಿದೆ: 'ಚೇ'. ಅಂಗಡಿಯಾಕೆ ಸೌಟು ಕೆಳಗಿಟ್ಟು, ಚಕಾರಕ್ಕೂ ಜಕಾರಕ್ಕೂ ನಡುವಿನ ಸದ್ದಿನಲ್ಲಿ, ದನಿ ಏರದೆ ಇಳಿಯದೆ ಹೇಳಿಕೊಟ್ಟರು. ಹೇಳಿದೆ. ಇಲ್ಲ ಅಂದರು. ಇನ್ನೊಮ್ಮೆ ಹೇಳಿದೆ. ಮೂರನೇ ಸಲಕ್ಕೆ ತಲೆ ಆಡಿಸಿ, ತಟ್ಟೆ ತೆಗೆದು ಅನ್ನ ಹಾಕಿದರು.