ಫ್ಲೂಟ್ ಜಾಗದಲ್ಲಿ ನೇ

ಬೆಳಿಗ್ಗೆಯಿಂದ ಒಂದೇ ಹಾಡು ಸುತ್ತುತ್ತಾ ಇದೆ. ಕೈರೋದ ಸೊಪ್ರಾನೊ (ಅತಿ ಎತ್ತರದ ಹೆಣ್ಣು ದನಿಯ ಗಾಯಕಿ) ಫಾತ್ಮಾ ಸಯೀದ್ ಹಾಡಿರೋ, ಫ್ರೆಂಚ್ ಸಂಗೀತಗಾರ ರಾವೆಲ್‌ನ 'ಮಾಯಾ ಕೊಳಲು'. 1903ರ 'ಶೆಹರಜಾದ್' ಗುಚ್ಛದ ನಡುವಿನ ಹಾಡು.

ಹಾಡಿನ ಕಥೆಯಲ್ಲಿ ಯಜಮಾನ ಮಲಗಿದ್ದಾನೆ. ಸೇವಕಿಗೆ ಎಚ್ಚರ. ಹೊರಗೆ ಪ್ರಿಯಕರ ಕೊಳಲು ಊದ್ತಿದ್ದಾನೆ. ಇಷ್ಟೇ.

ರಾವೆಲ್ ಬರೆದದ್ದು ಫ್ಲೂಟ್‌ಗೆ. ಫಾತ್ಮಾರ 2020ರ 'ಎಲ್ ನೂರ್' ಆಲ್ಬಮ್‌ನಲ್ಲಿ ಆ ಜಾಗಕ್ಕೆ ನೇ ಅನ್ನೋ ಪಶ್ಚಿಮ ಏಷ್ಯಾದ ಕೊಳಲು ಬಂದಿದೆ. ನಮ್ಮ ಕೊಳಲಿನ ಥರ ಪಕ್ಕದ ತೂತಿಗೆ ಊದೋದಲ್ಲ, ತುದಿಯನ್ನೇ ತುಟಿಗೆ ಓರೆಯಾಗಿ ಹಿಡೀಬೇಕು. ಮುಂದೆ ಆರು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಓರೆ ಕೂದಲೆಳೆಯಷ್ಟು ತಪ್ಪಿದ್ರೂ ಸ್ವರ ಜಾರುತ್ತೆ, ಇಲ್ಲಾ ಬರೀ ಗಾಳಿ. ಜೊತೆಗಿರೋ ಪಿಯಾನೋ ಒಂಚೂರೂ ಬಗ್ಗಲ್ಲ, ಅದರ ಶ್ರುತಿ ಮೊದಲೇ ಕೂತುಬಿಟ್ಟಿರುತ್ತೆ. ಹೊಂದಿಕೊಳ್ಳೋ ಕಷ್ಟ ಎಲ್ಲಾ ನೇ ಊದೋರದ್ದೇ.

ಹಾಡೋರಿಗೆ ಬೇರೆ ಪಾಡು. ಆಪೆರಾದಲ್ಲಿ ಮೈಕ್ ಇಲ್ಲದೆ ಇಡೀ ವಾದ್ಯವೃಂದದ ಮೇಲೆ ದನಿ ಹಾಯಿಸಬೇಕು. ಫಾತ್ಮಾ ಅದನ್ನೂ ಮಾಡಿದವರೇ. ಬರ್ಲಿನ್‌ನಲ್ಲಿ ಕಲಿತು, ಮಿಲಾನಿನ ಲಾ ಸ್ಕಾಲಾ ಆಪೆರಾ ಮನೆಯ ಅಕಾಡೆಮಿ ಸೇರಿ, 2016ರಲ್ಲಿ ಅದೇ ವೇದಿಕೆಯಲ್ಲಿ ಮೊಜಾರ್ಟ್‌ನ ಆಪೆರಾದ ನಾಯಕಿ ಪಮೀನಾ ಪಾತ್ರ. ಅಲ್ಲಿ ಹಾಡಿದ ಮೊದಲ ಈಜಿಪ್ಟ್ ಸೊಪ್ರಾನೊ.

ಆ ದನಿಯನ್ನ ಇಲ್ಲಿ ಪೂರ್ತಿ ಬಿಟ್ಟರೆ ನೇಯ ಉಸಿರು ಮುಳುಗಿಹೋಗುತ್ತೆ. ಪಕ್ಕದಲ್ಲಿ ಯಜಮಾನ ಬೇರೆ ಎದ್ದುಬಿಡ್ತಾನೆ! ಸ್ವರ ಕೆನ್ನೆಗೆ ಮುತ್ತಿನ ಹಾಗೆ ತಾಗುತ್ತೆ ಅನ್ನೋ ಕಡೇ ಸಾಲಲ್ಲಿ ಫಾತ್ಮಾ ಎಷ್ಟು ಸಣ್ಣಗಾಗ್ತಾರೆ ನೋಡಿ.

ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಆ ಉಸಿರು ಸಿಗಲ್ಲ.