ಇಡ್ಲಿ ಅಜ್ಜಿಯ ಪಹಣಿ

ಪಕ್ಕದ ಮನೆಯ ಸರ್ದಾರ್ಜಿ ಅಂಕಲ್ ಕಾರು ಕಳುವಾಯಿತು. 2025ರ ಯುಗಾದಿ ಕಳೆದು ಹತ್ತು ದಿನ ಆಗಿರಬೇಕು. ರಾತ್ರಿ ಒಂದಿಷ್ಟು ಹಿಮ ಉದುರಿತ್ತು. ಬೆಳಗ್ಗೆ ಕಸದ ಡಬ್ಬ ಹೊರಗಿಡಲು ಹೋದರೆ, ಅವರ ಮನೆ ಮುಂದೆ ಕಾರು ನಿಂತಿದ್ದಷ್ಟು ಜಾಗ ಮಾತ್ರ ಕಪ್ಪಗೆ ಒಣಗಿತ್ತು. ಸುತ್ತ ಎಲ್ಲ ಬಿಳಿ. ಅದರ ಅಂಚಿನಲ್ಲಿ ಅಂಕಲ್ ಬರೀ ಚಪ್ಪಲಿಯಲ್ಲಿ ನಿಂತಿದ್ದರು. ಕೈಯಲ್ಲಿ ಕೀ ಹಿಡಿದುಕೊಂಡು, ಬಟನ್ ಒತ್ತುತ್ತಲೇ ಇದ್ದರು.

ಕೆನಡಾದ ಟೊರೊಂಟೊ ಪಕ್ಕದ ಈ ಬ್ರಾಂಪ್ಟನ್‌ನಲ್ಲಿ ಇದು ಹೊಸ ಸುದ್ದಿಯೇನಲ್ಲ. ಮನೆಯೊಳಗೆ ನೇತುಹಾಕಿದ ಕೀಯ ಸಿಗ್ನಲ್ಲನ್ನು ಕಳ್ಳರು ಹೊರಗಡೆಯಿಂದಲೇ ಒಂದು ಯಂತ್ರದಲ್ಲಿ ಹಿಡಿಯುತ್ತಾರೆ. ಯಜಮಾನ ಬಂದ ಅಂತ ಕಾರು ಪಾಪ ಬಾಗಿಲು ತೆರೆಯುತ್ತದೆ. ಹೀಗೆ ಕದ್ದ ಎಷ್ಟೋ ಕಾರುಗಳು ಕಂಟೇನರ್ ಹತ್ತಿ ಮಾಂಟ್ರಿಯಲ್ ಬಂದರಿನಿಂದ ಆಫ್ರಿಕಾ ಕಡೆಗೆ ಹೋಗಿಬಿಡುತ್ತವೆ. 2024ರಲ್ಲಿ ಟೊರೊಂಟೊದ ಒಬ್ಬ ಪೊಲೀಸ್, ಕೀಯನ್ನು ಮುಂಬಾಗಿಲ ಹತ್ತಿರವೇ ಇಟ್ಟುಬಿಡಿ, ಕಳ್ಳರು ಅದನ್ನು ಹುಡುಕಿಕೊಂಡು ಒಳಗೆ ಬಂದು ನಿಮ್ಮ ಮೇಲೆ ಬೀಳುವುದು ತಪ್ಪುತ್ತೆ ಅಂತ ಜನರ ಸಭೆಯಲ್ಲಿ ಬುದ್ಧಿ ಹೇಳಿ ದೇಶಕ್ಕೆಲ್ಲ ನಗೆಪಾಟಲಾಗಿದ್ದರು. ನಮ್ಮ ಕೀ ಮಾತ್ರ ಅಮ್ಮ ಚಟ್ನಿಪುಡಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯಲ್ಲಿ ಮಲಗುತ್ತದೆ. ಸ್ಟೀಲು ಸಿಗ್ನಲ್ ತಡೆಯುತ್ತಂತೆ. ತಡೆಯುತ್ತೋ ಇಲ್ಲವೋ, ಆಫೀಸಿನಲ್ಲಿ ನನ್ನ ಕೈ ಮಾತ್ರ ದಿನಾ ಬೆಳ್ಳುಳ್ಳಿ ವಾಸನೆ.

ಅಂಕಲ್ ಅಳಲಿಲ್ಲ, ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಅಂಗಳದಲ್ಲಿ ನೀಲಿ ಬೋರ್ಡು ಎದ್ದಿತ್ತು. ಕನ್ಸರ್ವೇಟಿವ್ ಪಕ್ಷದ್ದು. ಮೂವತ್ತು ವರ್ಷದಿಂದ ಕೆಂಪು ಬೋರ್ಡಿನ ಲಿಬರಲ್ ಪಕ್ಷಕ್ಕೇ ವೋಟು ಹಾಕಿದ ಮನುಷ್ಯ. "ಇವತ್ತು ಹಿಡೀತಾರೆ, ನಾಳೆ ಬೇಲ್ ಕೊಟ್ಟು ಬಿಡ್ತಾರೆ, ನಾಡಿದ್ದು ಅವನು ನಿನ್ನ ಕಾರು ಕದೀತಾನೆ ಬೇಟಿ" ಅಂದರು ಹಿಂದಿಯಲ್ಲಿ.

ಆಗ ಇಲ್ಲಿ ಚುನಾವಣೆಯ ಕಾವು. ವಿರೋಧ ಪಕ್ಷವಾದ ಕನ್ಸರ್ವೇಟಿವ್‌ನ ನಾಯಕ ಪಿಯರೆ ಪೊಲಿಯೆವ್ ಹೋದ ಕಡೆಯೆಲ್ಲ ಹೇಳುತ್ತಿದ್ದದ್ದು ಮುಖ್ಯವಾಗಿ ಎರಡು. ತೆರಿಗೆ ಇಳಿಸ್ತೀನಿ, ಕಳ್ಳರನ್ನ ಒಳಗೆ ಹಾಕ್ತೀನಿ. "ಬೇಲ್ ಅಲ್ಲ, ಜೈಲ್" ಅನ್ನುವುದು ಅವರ ಘೋಷಣೆ. ಇಂಗ್ಲಿಷಿನಲ್ಲೂ ಪ್ರಾಸ ಕೂಡುತ್ತದೆ, ಕನ್ನಡದಲ್ಲೂ ಕೂಡುತ್ತದೆ. ಅದೇ ಅದರ ಶಕ್ತಿ.

ತೆರಿಗೆ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆದಾಯದ ಕೆಳಗಿನ ಹಂತಕ್ಕೆ ಆಗ ಇದ್ದದ್ದು ಶೇ. 15 ತೆರಿಗೆ. ಪೊಲಿಯೆವ್ ಅದನ್ನು ಶೇ. 12.75ಕ್ಕೆ ಇಳಿಸುತ್ತೇನೆ, ದುಡಿಯುವ ಒಬ್ಬರಿಗೆ ಸರಾಸರಿ ವರ್ಷಕ್ಕೆ 900 ಡಾಲರ್ ಉಳಿಯುತ್ತೆ ಅಂದರು. ಅದಕ್ಕೆ ಒಂದು ದಿನ ಮುಂಚೆ ಲಿಬರಲ್ ಪಕ್ಷದ ಪ್ರಧಾನಿ ಮಾರ್ಕ್ ಕಾರ್ನಿ ಶೇ. 14 ಮಾಡುತ್ತೇನೆ ಅಂದಿದ್ದರು. ನಮ್ಮೂರ ಸಂತೆಯಲ್ಲಿ ಸೊಪ್ಪಿನವರು ಒಬ್ಬರ ಮೇಲೊಬ್ಬರು ಕೂಗಿದ ಹಾಗೆ. ಇನ್ನು ಪೊಲಿಯೆವ್ ಎರಡು ವರ್ಷದಿಂದ ಬೈಯುತ್ತಿದ್ದ ಕಾರ್ಬನ್ ತೆರಿಗೆಯನ್ನು ಕಾರ್ನಿ ಏಪ್ರಿಲ್ 1ರಿಂದ ಪೆಟ್ರೋಲ್ ಬಂಕಿನಲ್ಲಿ ತೆಗೆದೇಬಿಟ್ಟರು. ಹೊಡೆಯಲು ಎತ್ತಿದ ಕೋಲನ್ನು ಎದುರಿನವನೇ ಬಂದು ಮುರಿದು ಹಾಕಿದ ಹಾಗಾಯಿತು.

ತುಮಕೂರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಹನ್ನೆರಡೂ ಮುಕ್ಕಾಲಾ? ಅದನ್ನ ನಿರ್ಮಲಾ ಸೀತಾರಾಮನ್ ಫೆಬ್ರವರಿಲೇ ಮಾಡಿದ್ರಲ್ಲಮ್ಮ" ಅಂದ. ಇಲ್ಲಿ ಶೇ. 12.75, ಅಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಎರಡೂ ಬೇರೆ ಬೇರೆ ಅಂತ ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಕೊನೆಗೂ ಅಪ್ಪ ಒಪ್ಪಿದ್ದು ಅನುಮಾನ. ಊರಿಂದ ಬಂದು ಅಪ್ಪನ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನದು ಇನ್ನೊಂದು ಲೆಕ್ಕ. "ಕಮ್ಮಿ ಕಿತ್ಕೋತೀನಿ ಅನ್ನೋದೂ ಒಂದು ಆಶ್ವಾಸನೇನಾ? ನಂಗೆ ತಿಂಗಳಿಗೆ 2000 ಗೃಹಲಕ್ಷ್ಮಿ ಬರುತ್ತೆ, ನಿಂಗೇನು ಕೊಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮಗ ಒಂದು ಮಾತು ಕೇಳಿಬಿಟ್ಟ.

ಅವನಿಗೆ ಹನ್ನೊಂದು ವರ್ಷ. ಇಲ್ಲಿ ಚುನಾವಣೆ ಬಂದರೆ ಶಾಲೆಗಳಲ್ಲಿ ಮಕ್ಕಳಿಂದಲೂ ಸುಮ್ನೆ ಒಂದು ಮತದಾನ ಮಾಡಿಸುತ್ತಾರೆ. ಯಾವ ಪಕ್ಷ ಏನು ಹೇಳಿದೆ ಅಂತ ಟೀಚರ್ ಹಾಳೆ ಕೊಟ್ಟಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವನು ಅದನ್ನು ಓದುತ್ತಿದ್ದ. ಮೂರು ಸಲ ಗಂಭೀರ ಅಪರಾಧ ಸಾಬೀತಾದರೆ ಕನಿಷ್ಠ 10 ವರ್ಷ ಜೈಲು, ಅಲ್ಲಿಂದ ಜೀವಾವಧಿವರೆಗೂ ಹೋಗಬಹುದು, ಬೇಲ್ ಇಲ್ಲ, ಪೆರೋಲ್ ಇಲ್ಲ. "ಬೇಸ್‌ಬಾಲ್ ತರ ಅಮ್ಮ, ಮೂರು ಸ್ಟ್ರೈಕ್ ಆದ್ರೆ ಔಟ್." ಹಲವರನ್ನು ಕೊಂದವನಿಗೆ ಒಂದರ ಹಿಂದೆ ಒಂದು ಶಿಕ್ಷೆ. ಅಂಥ ಶಿಕ್ಷೆ ಸಂವಿಧಾನಕ್ಕೆ ಸರಿಹೋಗಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಅದನ್ನು ದಾಟಲು, ಕೋರ್ಟಿನ ತೀರ್ಪು ಮೀರಿ ಕಾನೂನು ಮಾಡಲು ಬಿಡುವ ಸಂವಿಧಾನದ 33ನೇ ಕಲಂ ಬಳಸುತ್ತೇನೆ ಅಂತ ಪೊಲಿಯೆವ್. ಕೇಂದ್ರದ ಯಾವ ಸರ್ಕಾರವೂ ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ. ಇದೆಲ್ಲ ನಮ್ಮ ಯಜಮಾನರು ಅವನಿಗೆ ಬಿಡಿಸಿ ಹೇಳುತ್ತಿದ್ದರು. ನಾನು ಮುದ್ದೆ ತಿರುವುತ್ತಿದ್ದೆ.

"ಅಮ್ಮ, ಬೇಲ್ ಅಂದ್ರೆ ಅವ್ನು ತಪ್ಪು ಮಾಡಿದಾನೋ ಇಲ್ವೋ ಇನ್ನೂ ಗೊತ್ತಿಲ್ದೇ ಇರೋ ಟೈಮ್ ಅಲ್ವಾ?"

"ಹೂಂ."

"ಮತ್ತೆ ಜೈಲಿಗ್ಯಾಕೆ?" ಅಂದವನು, ನಾನು ಬಾಯಿ ತೆರೆಯುವ ಮುಂಚೆಯೇ, "ನಮ್ಮ ಫ್ಯಾಮಿಲೀಲಿ ಯಾರಾದ್ರೂ ಜೈಲಿಗೆ ಹೋಗಿದಾರಾ?"

"ಇಲ್ಲಪ್ಪ, ಊಟ ಮಾಡು" ಅಂದೆ. ಯಜಮಾನರು ತಲೆ ಎತ್ತಿ ನನ್ನ ನೋಡಿ, ಮತ್ತೆ ತಟ್ಟೆ ನೋಡಿದರು.

1999ರಲ್ಲಿ ನನಗೂ ಹನ್ನೊಂದೇ ವರ್ಷ. ಮಧುಗಿರಿ ತಾಲೂಕಿನ ನಮ್ಮೂರಲ್ಲಿ ದಾಯಾದಿಗಳ ಜೊತೆ ಬದುವಿನ ಜಗಳ. ಎರಡು ಅಡಿ ಬದು. ಒಂದು ಸಂಜೆ ಮಾತಿಗೆ ಮಾತು ಬೆಳೆದು ಯಾರದೋ ಗುದ್ದಲಿ ಯಾರದೋ ತಲೆಗೆ ತಗುಲಿತು. ದೂರು ಬರೆಸುವವರು ನಮ್ಮ ಮನೆಯ ಗಂಡಸರ ಹೆಸರನ್ನೆಲ್ಲ ಸಾಲಾಗಿ ಬರೆಸಿದರು. ಅದರಲ್ಲಿ ಚಿಕ್ಕಪ್ಪನದೂ ಒಂದು. ಅವನು ಅವತ್ತು ಊರಲ್ಲೇ ಇರಲಿಲ್ಲ. ಕಡಲೆಕಾಯಿ ಚೀಲ ಹಾಕಿಕೊಂಡು ತುಮಕೂರಿನ ಮಂಡಿಗೆ ಹೋಗಿದ್ದ. ಮಂಡಿಯವರು ಕೊಟ್ಟ ಚೀಟಿ ಜೇಬಿನಲ್ಲೇ ಇತ್ತು. ಆದರೆ ಹಾಕಿದ್ದು 307, ಕೊಲೆಯತ್ನ. ಅಪ್ಪ ಮೇಷ್ಟ್ರಾಗಿ ಬೇರೆ ಊರಲ್ಲಿದ್ದುದರಿಂದ ಉಳಿದುಕೊಂಡ.

ನನಗೆ ಹೇಳಿದ್ದು, ಚಿಕ್ಕಪ್ಪ ಮಂಡ್ಯಕ್ಕೆ ಕಬ್ಬು ಕಡಿಯೋಕೆ ಹೋಗಿದ್ದಾನೆ ಅಂತ. ನಾನು ನಂಬಿದ್ದೆ. ಬರುವಾಗ ಬೆಲ್ಲ ತರುತ್ತಾನೆ ಅಂತ ಗೆಳತಿಯರ ಮುಂದೆ ಜಂಬವೂ ಕೊಚ್ಚಿಕೊಂಡಿದ್ದೆ. ಒಂದು ದಿನ ಶಾಲೆಯ ಬೋರ್‌ವೆಲ್ ಹತ್ತಿರ ಒಬ್ಬಳು, "ಎಲ್ಲಿಯ ಮಂಡ್ಯನೇ, ನಿಮ್ಮ ಚಿಕ್ಕಪ್ಪ ಒಳಗವ್ನೆ" ಅಂದಳು. ಒಳಗೆ ಅಂದರೆ ಎಲ್ಲಿ ಅಂತ ನಾನು ಕೇಳಲಿಲ್ಲ. ಅವಳು ಹೇಳಿದ ರೀತಿಯಲ್ಲೇ ಗೊತ್ತಾಯಿತು.

ನಾಲ್ಕು ತಿಂಗಳ ಮೇಲೆ ಬೇಲ್ ಆಯಿತು. ಆಯಿತು ಅಂದರೆ ಆಗಲಿಲ್ಲ. ಇಬ್ಬರು ಪಹಣಿ ತಂದು ಶ್ಯೂರಿಟಿ ನಿಲ್ಲಬೇಕು. ಆಗಿನ್ನೂ ಕಂಪ್ಯೂಟರ್ ಪಹಣಿ ಇಲ್ಲ, ಕೈಬರಹದ್ದು. ಒಬ್ಬರು ಸಿಕ್ಕರು, ಅಮ್ಮನ ಅಣ್ಣ. ಇನ್ನೊಬ್ಬರಿಗೆ ಅಜ್ಜ ಮನೆ ಮನೆ ತಿರುಗಿದ. ಮದುವೆ ಮುಂಜಿಯಲ್ಲಿ ಪಂಕ್ತಿಯ ಮೊದಲಲ್ಲೇ ಕೂರುತ್ತಿದ್ದ ನೆಂಟರು, ಪಹಣಿ ಬ್ಯಾಂಕಲ್ಲಿದೆ ಅಂದರು, ಜಂಟಿ ಖಾತೆ ಅಂದರು, ಹುಡುಗನ ಕೇಳಬೇಕು ಅಂದರು. ಬೇಲ್ ಆರ್ಡರ್ ಕೈಯಲ್ಲಿದ್ದೂ ಚಿಕ್ಕಪ್ಪ ಇನ್ನೂ ಇಪ್ಪತ್ತೆರಡು ದಿನ ಒಳಗೇ ಇದ್ದ. ಅಮ್ಮ ದಿನಾ ಗೋಡೆ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಈ ಲೆಕ್ಕ ನನಗೆ ಗೊತ್ತಿರುವುದು ಹಾಗೆ.

ಕೊನೆಗೆ ಬಂದವಳು ಬಸ್‌ಸ್ಟಾಂಡಿನಲ್ಲಿ ತಟ್ಟೆ ಇಡ್ಲಿ ಮಾರುತ್ತಿದ್ದ ಅಜ್ಜಿ. ನಮಗೆ ನೆಂಟಳೂ ಅಲ್ಲ, ಜಾತಿಯವಳೂ ಅಲ್ಲ. ಚಿಕ್ಕಪ್ಪ ದಿನಾ ಬೆಳಗ್ಗೆ ಅವಳ ಅಂಗಡಿಗೆ ಎರಡು ಬಿಂದಿಗೆ ನೀರು ತಂದು ಹಾಕುತ್ತಿದ್ದನಂತೆ. ಅಷ್ಟೇ ಸಂಬಂಧ. ಅವಳ ಹೆಸರಲ್ಲಿ ಒಂದು ಎಕರೆ ಹತ್ತು ಗುಂಟೆ ಹೊಲ ಇತ್ತು. ಪಹಣಿಯನ್ನು ಹಾಲಿನ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದಳು. ಬಿಚ್ಚಿದಾಗ ಇಡ್ಲಿ ಹಿಟ್ಟಿನ ಹುಳಿ ವಾಸನೆ. ಅಂಗಡಿ ಒಂದು ದಿನ ಮುಚ್ಚಿ ಕೋರ್ಟಿಗೆ ಹೋದಳು. ಹೆಬ್ಬೆಟ್ಟು ಒತ್ತಿದ ಮೇಲೆ ಇಂಕನ್ನು ತಲೆಗೂದಲಿಗೆ ಒರೆಸಿಕೊಂಡಳಂತೆ. ಅವಳ ನರೆಗೂದಲಲ್ಲಿ ಆ ನೇರಳೆ ಬಣ್ಣ ವಾರಗಟ್ಟಲೆ ಇದ್ದದ್ದನ್ನು ನಾನೇ ನೋಡಿದ್ದೇನೆ.

ಆರು ವರ್ಷ ಕೇಸು ನಡೆಯಿತು. ಆ ಮಂಡಿ ಚೀಟಿಯೇ ಕೊನೆಗೆ ಕಾಪಾಡಿತು. ಖುಲಾಸೆ ಆಯಿತು. ಅಷ್ಟರಲ್ಲಿ ಚಿಕ್ಕಪ್ಪನಿಗೆ ಗೊತ್ತು ಮಾಡಿದ್ದ ಹೆಣ್ಣು ಬೇರೆ ಕಡೆ ಮದುವೆಯಾಗಿ ಎರಡು ಮಕ್ಕಳ ತಾಯಿ.

ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂವರು ಹೀಗೆ ಇನ್ನೂ ತೀರ್ಪು ಬರದವರು. ನಮ್ಮ ಕಡೆ ಯಾವ ಪಕ್ಷವೂ ಅದನ್ನು ಹಿಡಿದು ವೋಟು ಕೇಳಿದ್ದು ನಾನು ನೋಡಿಲ್ಲ. ಒಳಗಿದ್ದವನು ತಪ್ಪೇ ಮಾಡಿರುತ್ತಾನೆ ಅಂತ ನಮಗೊಂದು ನಂಬಿಕೆ. ಬೇಲ್ ಕೊಟ್ಟರೆ ಜಡ್ಜು ದುಡ್ಡು ತಿಂದ ಅನ್ನುವ ಮಾತು ಹೋಟೆಲಿನಲ್ಲಿ ಸಲೀಸಾಗಿ ಬರುತ್ತದೆ. ಇಲ್ಲಿ ಬಂದಾಗ, ಇವರು ನಮಗಿಂತ ವಾಸಿ ಅಂದುಕೊಂಡಿದ್ದೆ. ನೋಡಿದರೆ ನಾವಿರುವ ಒಂಟಾರಿಯೊ ಪ್ರಾಂತ್ಯದ ಜೈಲುಗಳಲ್ಲೂ ಶಿಕ್ಷೆಯಾದವರಿಗಿಂತ ವಿಚಾರಣೆಗೆ ಕಾಯುತ್ತಿರುವವರೇ ಜಾಸ್ತಿ. ಇಲ್ಲೂ ಬೇಲ್‌ಗೆ ಶ್ಯೂರಿಟಿ ನಿಲ್ಲುತ್ತಾರೆ. ಅದೇ ಪದ. ಪಹಣಿ ಒಂದು ಇಲ್ಲ.

ಹಾಗಂತ ಅಂಕಲ್ ಹೇಳಿದ್ದು ಸುಳ್ಳು ಅಂತ ನಾನು ಅನ್ನಲಾರೆ. ಅವರ ಹೆಂಡತಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ ಆ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು.

ಏಪ್ರಿಲ್ 28ಕ್ಕೆ ಚುನಾವಣೆ ಆಯಿತು. ಕಾರ್ನಿ ಗೆದ್ದರು. ಪೊಲಿಯೆವ್ ತಮ್ಮ ಸ್ವಂತ ಕ್ಷೇತ್ರ ಕಾರ್ಲ್‌ಟನ್‌ನಲ್ಲೇ ಸೋತರು. ಅಂಕಲ್ ಬೋರ್ಡನ್ನು ಇನ್ನೂ ಕಿತ್ತಿಲ್ಲ. ನಾನು ಯಾರಿಗೆ ಹಾಕಿದೆ ಅಂತ ಅವರೂ ಕೇಳಲಿಲ್ಲ, ಇಲ್ಲೂ ಹೇಳಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಶನಿವಾರ ರಾತ್ರಿ, ಅಲ್ಲಿ ಬೆಳಗ್ಗೆ. ಡೇರಿಗೆ ಹಾಲು ಹಾಕಿ ಬಂದು ಜಗುಲಿ ಮೇಲೆ ಕೂತಿದ್ದ. ಕಾರು ಕಳುವಾದ ಕತೆ, ಪೊಲಿಯೆವ್ ಕತೆ ಎಲ್ಲ ಹೇಳಿದೆ. ಅವನು ಏನನ್ನುತ್ತಾನೆ ಅಂತ ನನಗೆ ಗೊತ್ತಿದೆ ಅಂದುಕೊಂಡೇ ಹೇಳಿದೆ.

"ಸರಿಯಾಗೇ ಹೇಳವ್ನೆ ಬಿಡಮ್ಮ ಅವ್ನು" ಅಂದ ಚಿಕ್ಕಪ್ಪ. "ಹೋದ ತಿಂಗಳು ನಮ್ಮ ಬೋರಿನ ಕೇಬಲ್ ಕೊಯ್ಕೊಂಡು ಹೋದ್ರು. ತಾಮ್ರದಾಸೆಗೆ. ಹುಡುಗ ಯಾರು ಅಂತ ಊರಿಗೆಲ್ಲ ಗೊತ್ತು. ಹಿಡಿದ್ರು, ವಾರಕ್ಕೇ ಬೇಲ್ ಮೇಲೆ ಬಂದ. ಈಗ ಟೀ ಅಂಗಡಿಲಿ ಕೂತು ನನ್ನ ನೋಡಿ ನಗ್ತಾನೆ. ಇಂಥೋರ್ನ ಬಿಡಬಾರದು."

ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ನೀನೂ ಒಳಗಿದ್ದೆಯಲ್ಲ" ಅಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅವನ ಮುಂದೆ ಆ ಮಾತು ಎತ್ತಿದ್ದು ಅದೇ ಮೊದಲು.

ಫೋನಿನಲ್ಲಿ ಕೋಳಿಯ ಸದ್ದು, ದೂರದಲ್ಲಿ ಬಸ್ಸಿನ ಹಾರನ್.

"ನಾನು ಮಾಡಿರಲಿಲ್ಲವಲ್ಲ ತಾಯಿ."

ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, ಇವತ್ತೇನು ಇದೆಲ್ಲ ನೆಪ್ಪಾಯ್ತು ಅಂತ. ಹುಡುಗ ಕೇಳಿದ್ದನ್ನೂ, ನಾನು ಇಲ್ಲ ಅಂದದ್ದನ್ನೂ ಹೇಳಿದೆ. "ಹೇಳ್ಬಿಡು, ಅದ್ರಲ್ಲೇನು. ಬೆಟ್ಟ ಹತ್ತಿಸಿದ ಚಿಕ್ಕತಾತನೇ ಜೈಲಿಗೂ ಹೋಗಿದ್ದ ಅಂತ ಹೇಳು. ಮುಂದಿನ ಸಲ ಬಂದಾಗ ಅಲ್ಲಿ ಮುದ್ದೆ ಎಷ್ಟು ಗಟ್ಟಿ ಇತ್ತು ಅಂತ ನಾನೇ ಹೇಳ್ತೀನಿ" ಅಂದು ನಕ್ಕ.

ಮಾರನೆ ದಿನ ಮಗನಿಗೆ ಎಲ್ಲ ಹೇಳಿದೆ. ಬದು, ಮಂಡಿ ಚೀಟಿ, 307, ಮಂಡ್ಯದ ಸುಳ್ಳು, ಇಡ್ಲಿ ಅಜ್ಜಿ. ಚಿಕ್ಕತಾತ ಅತ್ತರಾ, ಹೊಡೆದರಾ, ಭಯ ಆಯ್ತಾ ಅಂತ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

"ಆ ಅಜ್ಜಿಗೆ ಅವ್ರ ಪೇಪರ್ ವಾಪಸ್ ಕೊಟ್ರಾ?"

"ಕೊಟ್ಟರು" ಅಂದೆ. "ಆರು ವರ್ಷ ಆದ್ಮೇಲೆ."