ನೆನೆದ ಬೆರಳಿನ ಸುಕ್ಕು

ಬಟ್ಟೆ ಒಗೆದು ಕೂತಾಗ ಸುಮ್ನೆ ಬೆರಳ ತುದಿ ನೋಡಿಕೊಂಡೆ. ಪೂರ್ತಿ ಸುಕ್ಕು. ಚರ್ಮ ನೀರು ಹೀರಿ ಉಬ್ಬುತ್ತದೆ, ಅಷ್ಟೇ ಅಂತ ಇಷ್ಟು ದಿನ ನಂಬಿದ್ದೆ. ಹಾಗಲ್ಲ. ನರಕ್ಕೆ ಪೆಟ್ಟಾದ ಬೆರಳು ಎಷ್ಟು ನೆನೆದರೂ ಸುಕ್ಕಾಗುವುದಿಲ್ಲ ಎಂದು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ನರಗಳು ಹೇಳಿದಾಗ ಒಳಗಿನ ರಕ್ತನಾಳಗಳು ಕುಗ್ಗುತ್ತವೆ, ಚರ್ಮ ಒಳಕ್ಕೆ ಎಳೆದುಕೊಂಡು ಮಡಿಕೆ ಬೀಳುತ್ತದೆ.

ಯಾಕೆ ಬೇಕು ಇದು? 2013ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಜನರ ಕೈಗೆ ಗೋಲಿ ಕೊಟ್ಟು ನೋಡಿದರು. ಒದ್ದೆ ಗೋಲಿಗಳನ್ನು ಸುಕ್ಕಾದ ಬೆರಳು ಬೇಗ ಸಾಗಿಸಿತು. ಒಣ ಗೋಲಿಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ಕೆಲವು ಇದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಪುಟ್ಟ ಮಗು ಕೇಳುವ ಪ್ರಶ್ನೆ ಅಲ್ವಾ ಇದು? ಅದಕ್ಕಾಗಿ ದೊಡ್ಡವರು ಗಡಿಯಾರ ಹಿಡಿದು ಗೋಲಿ ನೋಡುತ್ತಾ ಕೂತರಲ್ಲ, ನನಗೆ ಅದೇ ಜಾಸ್ತಿ ಇಷ್ಟವಾಯಿತು.